ಹಂಪಿ ಬಜಾರಿನಿಂದ ವಿಠ್ಠಲ ಗುಡಿಗೆ: ಹೊಳೆ ದಂಡೆ ಹಿಡಿದು ನಡೆಯುವುದು ಹೇಗೆ

ಹೊಸಪೇಟೆಯಲ್ಲಿ ಮನೆ ಇದ್ದಮೇಲೆ ನೆಂಟರಿಗೆ ಹಂಪಿ ತೋರಿಸುವ ಕೆಲಸ ತಪ್ಪಿದ್ದಲ್ಲ. ನನಗೆ ಅದರಲ್ಲಿ ಬೇಸರ ಇಲ್ಲ. ಬೇಸರ ಬರುವುದು ಅವರು ನೋಡುವ ರೀತಿಗೆ. ಕಾರಿನಲ್ಲಿ ಕಮಲಾಪುರದ ಮೇಲೆ ಹಾಯ್ದು ವಿಠ್ಠಲ ಗುಡಿಯ ಪಾರ್ಕಿಂಗಿಗೆ ಹೋಗುತ್ತಾರೆ. ಅಲ್ಲಿಂದ ಬ್ಯಾಟರಿ ಗಾಡಿ. ಕಲ್ಲಿನ ರಥದ ಮುಂದೆ ನಾಲ್ಕು ಫೋಟೋ. ವಾಪಸ್ ಕಾರು ಹತ್ತಿ ವಿರೂಪಾಕ್ಷ ಗುಡಿ. ಮುಗೀತು, ಹಂಪಿ ಆಯ್ತು ಅಂತಾರೆ. ಆ ಎರಡು ಗುಡಿಗಳ ನಡುವೆ ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಸುಮಾರು 9 ಕಿಲೋಮೀಟರ್. ಹೊಳೆ ದಂಡೆಯಲ್ಲಿ ನಡೆದರೆ ಮೂರು ಕಿಲೋಮೀಟರ್ ಕೂಡ ಇಲ್ಲ. ನನ್ನ ಪ್ರಕಾರ ನೋಡಬೇಕಾದ್ದು ಜಾಸ್ತಿ ಇರುವುದು ಆ ಮೂರು ಕಿಲೋಮೀಟರಿನಲ್ಲೇ.

ನಾನು ಟೇಲರ್. ಈಗ ಅಂಗಡಿ ಹೊಸಪೇಟೆಯಲ್ಲಿದೆ. ಕೆಲಸ ಕಲಿತದ್ದು ಮಾತ್ರ ಹಂಪಿ ಬಜಾರಿನ ಒಂದು ಕಲ್ಲು ಮಂಟಪದಲ್ಲಿ. ಆಗ ಆ ಸಾಲುಮಂಟಪಗಳಲ್ಲೇ ಮನೆ, ಹೋಟೆಲ್, ಅಂಗಡಿ ಎಲ್ಲ ಇದ್ದವು. ಫಾರಿನ್ನಿನವರಿಗೆ ಸಡಿಲ ಪ್ಯಾಂಟು ಹೊಲಿದುಕೊಡುತ್ತಿದ್ದೆವು. ಬೆಳಗ್ಗೆ ಅಳತೆ ಕೊಟ್ಟರೆ ಸಂಜೆಗೆ ರೆಡಿ. ಮಧ್ಯಾಹ್ನ ಮಷಿನ್ ನಿಲ್ಲಿಸಿ ಹೊಳೆ ಕಡೆ ಹೋಗಿ ಬರುವುದು ರೂಢಿ. 2011ರಲ್ಲಿ ಬಜಾರು ತೆರವಾಯಿತು. ಅಂಗಡಿ ಹೋಯಿತು, ದಾರಿ ಉಳಿಯಿತು. ಈಗಲೂ ಮಂಗಳವಾರ ನನ್ನ ಅಂಗಡಿಗೆ ರಜೆ ಇಟ್ಟುಕೊಂಡಿದ್ದೇನೆ. ತಿಂಗಳಿಗೊಮ್ಮೆಯಾದರೂ ಈ ದಾರಿ ನಡೆಯುತ್ತೇನೆ.

ಮೊದಲು ಯಾವಾಗ ಹೋಗಬೇಕು ಅನ್ನುವುದು. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಏಪ್ರಿಲ್, ಮೇ ಬೇಡವೇ ಬೇಡ. ಸುತ್ತ ಇರುವುದೆಲ್ಲ ಬಂಡೆ. ಹಗಲೆಲ್ಲ ಕಾದು ಸಂಜೆಯಾದರೂ ಬಿಸಿ ಕಾರುತ್ತಿರುತ್ತವೆ. ಮಳೆಗಾಲದಲ್ಲಿ ಹೊಳೆ ನೋಡಲು ಚೆಂದ, ಆದರೆ ಒಂದು ವಿಚಾರಿಸಿಕೊಂಡೇ ಹೊರಡಿ: ಡ್ಯಾಮಿನಿಂದ ನೀರು ಬಿಟ್ಟಿದ್ದಾರಾ? ತುಂಗಭದ್ರಾ ಡ್ಯಾಮು ಹೊಸಪೇಟೆ ಪಕ್ಕದಲ್ಲೇ ಇದೆ, ಹಂಪಿ ಅದರ ಕೆಳಗಿದೆ. ಇಲ್ಲಿ ಮೋಡವೇ ಇಲ್ಲದಿದ್ದರೂ ಮಲೆನಾಡಿನಲ್ಲಿ ಮಳೆ ಸುರಿದು ಡ್ಯಾಮು ತುಂಬಿದರೆ ಗೇಟು ಎತ್ತುತ್ತಾರೆ. ಆಗ ದಂಡೆಯ ದಾರಿಯ ತಗ್ಗಿನ ಭಾಗಗಳಿಗೆ ನೀರು ಬರುತ್ತದೆ. ನಮ್ಮ ಕಡೆ ಇದಕ್ಕೊಂದು ಅಳತೆಗೋಲು ಇದೆ. "ಪುರಂದರ ಮಂಟಪ ಮುಳುಗಿತಂತೆ" ಅಂತ ಯಾರಾದರೂ ಅಂದರೆ ಆ ವಾರ ಹೊಳೆ ಕಡೆ ಸುಳಿಯುವುದಿಲ್ಲ. ಒಮ್ಮೆ ಆಗಸ್ಟಿನಲ್ಲಿ ತಂಗಿ ಮಕ್ಕಳನ್ನು ಕರೆದುಕೊಂಡು ಹೊರಟಿದ್ದೆ. ಬಜಾರಿನ ಕೊನೆಯಲ್ಲಿ ಎಳನೀರು ಮಾರುವವರು ಕೂಗಿ ಹೇಳಿದರು, "ಅಕ್ಕಾ, ನೀರು ಬಿಟ್ಟಾರಂತ್ರಿ, ಆ ಕಡೆ ಹೋಗಬ್ಯಾಡ್ರಿ." ಮಕ್ಕಳು ಮುಖ ಊದಿಸಿಕೊಂಡವು. ನಾನು ತಿರುಗಿ ಬಂದೆ. ಅಲ್ಲಿಯವರ ಮಾತು ಕೇಳಬೇಕು.

ಹೊಸಪೇಟೆ ಬಸ್‌ ಸ್ಟ್ಯಾಂಡಿನಿಂದ ಹಂಪಿ 13 ಕಿಲೋಮೀಟರ್. ಬೆಳಗ್ಗೆಯಿಂದಲೇ ಬಸ್ಸು ಸಿಗುತ್ತದೆ, ಅರ್ಧ ಗಂಟೆ ದಾರಿ. ದಾರಿಯುದ್ದಕ್ಕೂ ಬಾಳೆ ತೋಟ, ಗದ್ದೆ. ಈ ಬಂಡೆಗಳ ನಾಡಿನಲ್ಲಿ ಇಷ್ಟು ಹಸಿರು ಎಲ್ಲಿಂದ ಅಂತ ನೆಂಟರು ಕೇಳುತ್ತಾರೆ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ಗುಡಿಗಳು ಹಾಳಾದವು, ಕಾಲುವೆ ಹಾಳಾಗಲಿಲ್ಲ.

ಆರೂವರೆ, ಏಳರ ಹೊತ್ತಿಗೆ ನಡಿಗೆ ಶುರು ಮಾಡಿ. ಹೋಗುವುದು ಪೂರ್ವಕ್ಕೆ, ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಟೋಪಿಯೋ ಟವೆಲ್ಲೋ ಇರಲಿ. ವಿಠ್ಠಲ ಗುಡಿ ಕಡೆಯಿಂದ ಶುರು ಮಾಡಿದರೆ ಆಗದಾ ಅಂತ ಕೇಳಬಹುದು. ಆಗುತ್ತದೆ. ಆದರೆ ಹಬ್ಬದೂಟದಲ್ಲಿ ಹೋಳಿಗೆ ಮೊದಲು ತಿಂದ ಹಾಗೆ, ಆಮೇಲೆ ಬಂದದ್ದೆಲ್ಲ ಸಪ್ಪೆ. ಇನ್ನೊಂದು, ಈ ದಾರಿಯಲ್ಲಿ ಟಿಕೆಟ್ ಬೇಕಾಗುವುದು ವಿಠ್ಠಲ ಗುಡಿಗೆ ಮಾತ್ರ. ಈ ಕಡೆಯಿಂದ ನಿಧಾನಕ್ಕೆ ಹೋದರೆ ನೀವು ತಲುಪುವಷ್ಟರಲ್ಲಿ ಕೌಂಟರ್ ತೆರೆದಿರುತ್ತದೆ.

ಏನು ಉಡಬೇಕು ಅಂತ ನನ್ನನ್ನು ಕೇಳಿದರೆ ಟೇಲರ್ ಬುದ್ಧಿಯಲ್ಲೇ ಹೇಳುತ್ತೇನೆ. ಹತ್ತಿ ಬಟ್ಟೆ, ಮೊಣಕಾಲ ಹತ್ತಿರ ಸಡಿಲ. ಬಂಡೆ ಹತ್ತಿ ಇಳಿಯುವಾಗ ಟೈಟ್ ಪ್ಯಾಂಟಿನ ಹೊಲಿಗೆ ಬಿಟ್ಟದ್ದನ್ನು ನಾನೇ ಮೂರು ಸಲ ನೋಡಿದ್ದೇನೆ. ಜೇಬಿರುವ ಕುರ್ತಾ ಇದ್ದರೆ ಇನ್ನೂ ಒಳ್ಳೆಯದು, ಕೈ ಎರಡೂ ಖಾಲಿ ಇರಬೇಕು. ಚಪ್ಪಲಿ ಹಿಡಿತ ಇರುವಂಥದ್ದು ಬೇಕು. ನೀರು ಒಬ್ಬರಿಗೆ ಒಂದು ಲೀಟರಾದರೂ ಇರಲಿ, ದಾರಿಯಲ್ಲಿ ಅಂಗಡಿ ಸಿಕ್ಕೇ ಸಿಗುತ್ತದೆ ಅಂತ ನಂಬಬೇಡಿ. ತಿನ್ನುವುದನ್ನು ಬಟ್ಟೆ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ. ಪ್ಲಾಸ್ಟಿಕ್ ಕವರ್ ಸಪ್ಪಳ ಆದರೆ ಸಾಕು, ಕೋತಿ ಇಳಿದು ಬರುತ್ತದೆ. ಒಮ್ಮೆ ಗಿರಾಕಿಯೊಬ್ಬರಿಗೆ ಕೊಡಬೇಕಾಗಿದ್ದ ಬ್ಲೌಸ್ ಕವರಿನಲ್ಲಿ ಹಿಡಿದು ಹೊರಟಿದ್ದೆ, ವಾಪಸ್ ಬರುವಾಗ ಕಮಲಾಪುರದಲ್ಲಿ ಕೊಟ್ಟರಾಯಿತು ಅಂತ. ಕೋದಂಡರಾಮ ಗುಡಿ ಹತ್ತಿರ ಕೋತಿ ಕಿತ್ತುಕೊಂಡಿತು. ತಿನ್ನುವುದಲ್ಲ ಅಂತ ಗೊತ್ತಾದ ಮೇಲೂ ಬಿಡಲಿಲ್ಲ. ಹುಕ್ಕು ಒಂದೊಂದೇ ಕಿತ್ತು ಎಸೆಯಿತು. ಆ ಗಿರಾಕಿಗೆ ನಾನು ಹೇಳಿದ ಕಾರಣವನ್ನು ಅವರು ಇವತ್ತಿಗೂ ನಂಬಿಲ್ಲ.

ವಿರೂಪಾಕ್ಷನಿಗೆ ಕೈಮುಗಿದೇ ಹೊರಡಿ. ಒಂಬತ್ತು ಅಂತಸ್ತಿನ ದೊಡ್ಡ ಗೋಪುರ, ಹತ್ತಿರ ಹತ್ತಿರ 50 ಮೀಟರ್ ಎತ್ತರ. ಒಳಗಿನ ರಂಗಮಂಟಪ ಕೃಷ್ಣದೇವರಾಯ ಪಟ್ಟಕ್ಕೆ ಬಂದ ನೆನಪಿಗೆ 1510ರಲ್ಲಿ ಕಟ್ಟಿಸಿದ್ದು. ಗೋಪುರದ ನೆರಳು ತಲೆಕೆಳಗಾಗಿ ಬೀಳುವ ಗೋಡೆಯನ್ನು ಅಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಇಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಬೇಡಿ, ಬಿಸಿಲು ಏರುತ್ತದೆ.

ಗುಡಿಯ ಮುಂದೆ ಬಜಾರು ನೆಟ್ಟಗೆ ಪೂರ್ವಕ್ಕೆ ಹೋಗುತ್ತದೆ, ಮುಕ್ಕಾಲು ಕಿಲೋಮೀಟರ್ ಉದ್ದ. ಕೊನೆಯಲ್ಲಿ ಮಾತಂಗ ಬೆಟ್ಟದ ಬುಡದಲ್ಲಿ ಎದುರು ಬಸವಣ್ಣ, ಒಂದೇ ಕಲ್ಲಿನದು. ಬಸವಣ್ಣನವರೆಗೆ ಹೋಗಬೇಡಿ, ಅದು ವಾಪಸ್ ಬರುವಾಗ ಸಿಗುತ್ತದೆ. ಅದಕ್ಕಿಂತ ಸ್ವಲ್ಪ ಮೊದಲು ಎಡಗಡೆ ಹೊಳೆಗೆ ಒಂದು ದಾರಿ ಒಡೆಯುತ್ತದೆ. ಬೋರ್ಡು ಇದೆ. ಇದನ್ನು ಕಂಪಭೂಪನ ದಾರಿ ಅಂತಾನೂ ಕರೆಯುತ್ತಾರೆ. ಸ್ವಲ್ಪ ದೂರ ಹೋದರೆ ಬಂಡೆಗಳ ಸಂದಿಯಲ್ಲಿ ತಲೆ ತಗ್ಗಿಸಿ ದಾಟಬೇಕು. ಆ ಕಡೆ ಹೊರಬಂದರೆ ಎದುರಿಗೇ ಹೊಳೆ.

ಇದೇ ಚಕ್ರತೀರ್ಥ. ಹೊಳೆ ಇಲ್ಲಿ ಬಂಡೆಗಳ ನಡುವೆ ಇಕ್ಕಟ್ಟಾಗಿ ಉತ್ತರಕ್ಕೆ ಹೊರಳುತ್ತದೆ. ಮೇಲೆ ನೀರು ಸುಮ್ನೆ ನಿಂತ ಹಾಗೆ ಕಾಣುತ್ತದೆ, ಒಳಗೆ ಸುಳಿ. ಈಜು ಬರುತ್ತದೆ ಅಂತ ಇಳಿಯುವವರಿಗೆ ಹೇಳುತ್ತೇನೆ, ಬೇಡ. ಹೊಳೆಯಲ್ಲಿ ಮೊಸಳೆಯೂ ಇವೆ. ಅದೃಷ್ಟ ಇದ್ದರೆ ಬೆಳಗಿನ ಹೊತ್ತು ನೀರುನಾಯಿ ಕಾಣಬಹುದು. ಡ್ಯಾಮಿನ ಕೆಳಗಿನಿಂದ ಕಂಪ್ಲಿವರೆಗಿನ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಮೀಸಲು ಮಾಡಿದ್ದಾರೆ. ನಾನು ಇಷ್ಟು ವರ್ಷದಲ್ಲಿ ನೋಡಿದ್ದು ಎರಡೇ ಸಲ. ಎರಡು ಸಲವೂ ಮಾತಾಡದೆ ಕೂತಿದ್ದಾಗ.

ದಂಡೆಯಲ್ಲೇ ಕೋದಂಡರಾಮನ ಗುಡಿ. ರಾಮ, ಸೀತೆ, ಲಕ್ಷ್ಮಣರನ್ನು ಇದ್ದ ಬಂಡೆಯಲ್ಲೇ ಕೆತ್ತಿದ್ದಾರೆ. ಮೂರ್ತಿ ತಂದು ಇಟ್ಟದ್ದಲ್ಲ, ಬಂಡೆ ಇದ್ದ ಕಡೆಗೇ ಗುಡಿ ಬಂದಿದೆ. ಅದರ ಹಿಂದೆ ಸ್ವಲ್ಪ ಮೇಲೆ ಹತ್ತಿದರೆ ಯಂತ್ರೋದ್ಧಾರಕ ಆಂಜನೇಯ. ಹಾರುವ ಹನುಮಂತ ಅಲ್ಲ, ಪದ್ಮಾಸನ ಹಾಕಿ ಕೂತವನು, ಸುತ್ತ ಆರು ಮೂಲೆಯ ಯಂತ್ರ. ವ್ಯಾಸರಾಯರು ದಿನಾ ಬಂಡೆ ಮೇಲೆ ಹನುಮಂತನ ಚಿತ್ರ ಬರೆಯುತ್ತಿದ್ದರಂತೆ. ಪೂಜೆ ಮುಗಿದ ಕೂಡಲೇ ಅದು ಕೋತಿಯಾಗಿ ಹಾರಿಹೋಗುತ್ತಿತ್ತಂತೆ. ಹನ್ನೆರಡು ದಿನ ಹೀಗೇ ಆದಮೇಲೆ ಯಂತ್ರದೊಳಗೆ ಕೂರಿಸಿದರು ಅಂತ ಕತೆ. ಸುತ್ತ ಕೆತ್ತಿರುವ ಹನ್ನೆರಡು ಕೋತಿಗಳನ್ನು ಎಣಿಸಲು ಮಕ್ಕಳಿಗೆ ಹೇಳಿ, ಸ್ವಲ್ಪ ಹೊತ್ತು ಸದ್ದಿರುವುದಿಲ್ಲ.

ಮೇಲಿಂದ ಇಳಿದು ದಂಡೆಗೆ ಬಂದರೆ ಹರಿಗೋಲಿನವರು ಕರೆಯುತ್ತಾರೆ. ಬಂಡೆ ಮೇಲೆ ಸಾಲುಸಾಲಾಗಿ ಸಾವಿರಕ್ಕೂ ಹೆಚ್ಚು ಸಣ್ಣ ಲಿಂಗಗಳನ್ನು ಕೆತ್ತಿದ ಕೋಟಿಲಿಂಗಕ್ಕೆ ಕರೆದೊಯ್ಯುತ್ತಾರೆ. ದರ ಹತ್ತುವ ಮೊದಲೇ ಮಾತಾಡಿಕೊಳ್ಳಿ, ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ನೀರು ಜೋರಾಗಿದ್ದರೆ ಹತ್ತಲೇಬೇಡಿ. ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರಯಾಣಿಕ ಡೊಮಿಂಗೊ ಪಾಯೆಸ್ ಈ ಹೊಳೆಯ ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತವೆ, ನೆಟ್ಟಗೆ ಹೋಗದೆ ಯಾವಾಗಲೂ ಸುತ್ತುತ್ತಲೇ ಇರುತ್ತವೆ ಅಂತ. ಚರ್ಮದ ಬದಲು ಈಗ ಪ್ಲಾಸ್ಟಿಕ್ ಹಾಳೆ, ಟಾರು ಬಂದಿದೆ. ಸುತ್ತುವುದು ಮಾತ್ರ ಹಾಗೇ ಇದೆ.

ಇಲ್ಲಿಂದ ಮುಂದೆ ನಡೆಯುವಾಗ ಒಂದು ಕೆಲಸ ಮಾಡಿ. ಗುಡಿ ನೋಡುವುದು ಬಿಟ್ಟು ಬಂಡೆಗಳನ್ನು ನೋಡಿ. ಇವು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಯಾರೋ ತಂದು ಪೇರಿಸಿದ ಹಾಗೆ ಕಂಡರೂ ಬಿಸಿಲು, ಮಳೆಗೆ ಬಿರುಕು ಬಿಟ್ಟು, ಸವೆದು, ಇದ್ದಲ್ಲೇ ದುಂಡಗಾದವು. ಹಲವು ಬಂಡೆಗಳ ಮೇಲೆ ಉದ್ದಕ್ಕೆ ಒಂದೇ ಸಾಲಿನಲ್ಲಿ ಸಣ್ಣ ಸಣ್ಣ ತೂತು ಕಾಣುತ್ತವೆ. ಒಂದೊಂದು ತೂತಿನಲ್ಲಿ ಒಂದು ಬೆಂಕಿಪೊಟ್ಟಣ ಕೂರುತ್ತದೆ. ನಡುವೆ ಗೇಣಿಗಿಂತ ಕಡಿಮೆ ಅಂತರ, ಒಂದೂ ಸಾಲು ತಪ್ಪಿಲ್ಲ. ಕಲ್ಲು ಸೀಳುವವರು ಹೀಗೆ ತೂತು ಕೊರೆದು, ಒಳಗೆ ಬೆಣೆ ಜಡಿದು, ಬಂಡೆಯನ್ನು ಗೆರೆ ಎಳೆದ ಹಾಗೆ ಒಡೆಯುತ್ತಿದ್ದರು. ಒಣಮರದ ಬೆಣೆಗೆ ನೀರು ಹಾಕಿ ಉಬ್ಬಿಸುತ್ತಿದ್ದರು ಅಂತಲೂ ಹೇಳುತ್ತಾರೆ. ಮೊದಲ ಸಲ ಇದನ್ನು ತೋರಿಸಿದವರು ನನ್ನ ಮಾಸ್ಟರು. "ನೋಡು, ಕಚ್ಚಾ ಹೊಲಿಗೆ ಅಂದ್ರೆ ಹಿಂಗಿರಬೇಕು" ಅಂದಿದ್ದರು. ನನ್ನ ಕಚ್ಚಾ ಹೊಲಿಗೆ ಆಗ ಹಾವು ಹರಿದ ಹಾಗೆ ಇರುತ್ತಿತ್ತು. ದಾರಿಯಲ್ಲಿ ಅರ್ಧ ಸೀಳಿ ಬಿಟ್ಟ ಬಂಡೆಯೂ ಸಿಗುತ್ತದೆ, ತೂತು ಕೊರೆದು ಒಡೆಯದೆ ಬಿಟ್ಟದ್ದೂ ಸಿಗುತ್ತದೆ. ಅಂಥ ಒಂದರ ಮೇಲೆ ಬೆರಳು ಆಡಿಸಿ ನೋಡಿ. ತೂತಿನ ಒಳಗೋಡೆಯಲ್ಲಿ ಉಳಿಯ ಏಟು ಇನ್ನೂ ಒರಟಾಗಿ ಸಿಗುತ್ತದೆ. ಅರಮನೆ, ಗುಡಿಯಲ್ಲಿ ನುಣುಪು ಮಾಡಿಬಿಟ್ಟಿದ್ದಾರೆ, ಕೈಕೆಲಸ ಕಾಣುವುದು ಇಲ್ಲಿ.

ಮುಂದೆ ಬಲಗಡೆ ಒಂದು ಅಗಲವಾದ ಖಾಲಿ ಬೀದಿ ತೆರೆದುಕೊಳ್ಳುತ್ತದೆ. ಎರಡೂ ಕಡೆ ಮುರಿದ ಸಾಲುಮಂಟಪ, ದೂರದ ತುದಿಯಲ್ಲಿ ಅಚ್ಯುತರಾಯ ಗುಡಿ, ಹಿಂದೆ ಮಾತಂಗ ಬೆಟ್ಟ. ಗುಡಿ 1534ರದು. ಅಚ್ಯುತರಾಯನ ಹೆಸರು ಹೇಳಿದರೂ ಒಳಗಿದ್ದ ದೇವರು ತಿರುವೆಂಗಳನಾಥ. ಈಗ ಒಳಗೆ ಹೋಗಬೇಡಿ, ವಾಪಸ್ ಬರುವ ದಾರಿ ಇದೇ. ಬೀದಿಯ ಬಾಯಿ ಎಲ್ಲಿದೆ ಅಂತ ಮಾತ್ರ ಗುರುತು ಇಟ್ಟುಕೊಳ್ಳಿ.

ಮತ್ತೆ ಹೊಳೆ ಕಡೆ ಸುಗ್ರೀವನ ಗವಿ. ಗವಿ ಅಂದರೆ ದೊಡ್ಡದೇನಲ್ಲ, ಬಂಡೆಗಳು ಒಂದಕ್ಕೊಂದು ಒರಗಿ ಆದ ಸಂದು. ರಾವಣ ಹೊತ್ತೊಯ್ಯುವಾಗ ಸೀತೆ ಸೆರಗಿನ ತುಂಡಿನಲ್ಲಿ ಒಡವೆ ಕಟ್ಟಿ ಕೆಳಗೆ ಹಾಕಿದಳು, ಸುಗ್ರೀವ ಅದನ್ನು ಇಲ್ಲಿ ಬಚ್ಚಿಟ್ಟಿದ್ದ ಅಂತ ನಂಬಿಕೆ. ಪಕ್ಕದ ಬಂಡೆಯ ಮೇಲೆ ಬೇರೆ ಬಣ್ಣದ ಉದ್ದ ಪಟ್ಟೆ ಇದೆ, ಸೀತೆಯ ಸೀರೆ ಎಳೆದ ಗುರುತು ಅಂತ ತೋರಿಸುತ್ತಾರೆ. ಕಲ್ಲಿನಲ್ಲೇ ಇರುವ ಪಟ್ಟೆ ಅದು, ನನಗೂ ಗೊತ್ತು. ಆದರೂ ನಮ್ಮ ಅತ್ತೆಯನ್ನು ಕರೆದುಕೊಂಡು ಬಂದಾಗ ಅವರು ಗೇಣು ಹಾಕಿ ಅಳೆದು, "ಇಷ್ಟು ಸಣ್ಣ ಅಂಚಿನ ಸೀರೆ ಉಟ್ಟಿದ್ದಳೇನೇ ಪಾಪ, ವನವಾಸ ಅಲ್ವಾ" ಅಂದರು. ನಾನು ಏನು ಹೇಳಲಿ? ಹೌದತ್ತೆ ಅಂದೆ.

ಸೀತೆ ಸರೋವರದಲ್ಲಿ ನಿಲ್ಲಬೇಕಾಗಿಲ್ಲ, ನೀರಿನ ಹೊಂಡ ಅಷ್ಟೇ. ಆಮೇಲಿನ ಎರಡು ಅಂತಸ್ತಿನ ಕಲ್ಲು ಬಾಗಿಲ ಕೆಳಗೆ ನೆರಳಿದೆ. ತಿಂಡಿ ಅಲ್ಲೇ ತಿನ್ನಿ, ಕೋತಿ ನೋಡಿಕೊಂಡು.

ಅಲ್ಲಿಂದ ಎಡಕ್ಕೆ ಹೊಳೆ ಕಡೆ ಇಳಿದರೆ ಪುರಂದರ ಮಂಟಪ. ದಾಸರು ಇಲ್ಲಿ ಕೂತು ಹಾಡುತ್ತಿದ್ದರು ಅಂತ ಹೇಳುತ್ತಾರೆ. ಅವರು ತೀರಿಕೊಂಡದ್ದು 1564ರಲ್ಲಿ. ಮಾರನೇ ವರ್ಷವೇ ಯುದ್ಧ ಸೋತು ಊರು ಹಾಳಾಯಿತು. ಪುಷ್ಯ ಅಮಾವಾಸ್ಯೆಗೆ ಇಲ್ಲಿ ಆರಾಧನೆ ನಡೆಯುತ್ತದೆ, ಆ ದಿನ ಬಂದರೆ ಹಾಡು ಕೇಳಬಹುದು. ಮಂಟಪದ ಹತ್ತಿರ ಹೊಳೆಯೊಳಗೆ ಸಾಲಾಗಿ ನಿಂತ ಕಲ್ಲು ಕಂಬಗಳು ಹಳೆಯ ಸೇತುವೆಯವು. ಹಾಸು ಹೋಗಿದೆ, ಕಾಲು ನಿಂತಿವೆ. ಪ್ರತಿ ಮಳೆಗಾಲ ನೀರು ತಲೆ ಮೇಲೆ ಹರಿದರೂ ನಿಂತಿವೆ.

ದಾರಿಗೆ ವಾಪಸ್ ಹತ್ತಿ ಬನ್ನಿ. ಸ್ವಲ್ಪ ಮುಂದೆ ಎರಡು ಕಂಬ, ಮೇಲೊಂದು ಅಡ್ಡಕಲ್ಲು. ಬಾಗಿಲು ಅಂದುಕೊಂಡು ಎಲ್ಲರೂ ಮುಂದೆ ಹೋಗಿಬಿಡುತ್ತಾರೆ. ಅಡ್ಡಕಲ್ಲಿನ ಅಡಿಗೆ ತಲೆ ಎತ್ತಿ ನೋಡಿದರೆ ಮೂರು ಕಲ್ಲಿನ ಬಳೆ ಕಾಣುತ್ತವೆ. ತಕ್ಕಡಿ ತೂಗುಹಾಕಲು ಮಾಡಿದ್ದು. ಗ್ರಹಣ, ಪಟ್ಟಾಭಿಷೇಕದಂಥ ದಿನ ಅರಸ ಒಂದು ತಟ್ಟೆಯಲ್ಲಿ ಕೂತು, ಇನ್ನೊಂದರಲ್ಲಿ ಚಿನ್ನ, ರತ್ನ ತೂಗಿ ದಾನ ಮಾಡುತ್ತಿದ್ದ. ಒಂದು ಕಂಬದ ಬುಡದಲ್ಲಿ ಅರಸನನ್ನೂ ರಾಣಿಯರನ್ನೂ ಸಣ್ಣದಾಗಿ ಕೆತ್ತಿದ್ದಾರೆ. ಬಗ್ಗಿದರೆ ಮಾತ್ರ ಕಾಣುತ್ತಾರೆ.

ಇನ್ನು ವಿಠ್ಠಲ ಗುಡಿ. ಟಿಕೆಟ್ ತಗೊಳ್ಳಿ, ಬಿಸಾಡಬೇಡಿ. ಅದೇ ದಿನ ಅದೇ ಟಿಕೆಟ್ಟಿನಲ್ಲಿ ಕಮಲ ಮಹಲು, ಆನೆ ಲಾಯ, ಕಮಲಾಪುರದ ಮ್ಯೂಸಿಯಂ ನೋಡಬಹುದು. ಶುಕ್ರವಾರ ಮ್ಯೂಸಿಯಂಗೆ ರಜೆ. ಸಪ್ತಸ್ವರದ ಕಂಬಗಳನ್ನು ಬಡಿಯಲು ಹೋಗಬೇಡಿ. ನಿಷೇಧ ಅಂತ ಮಾತ್ರ ಅಲ್ಲ, ಎಷ್ಟೋ ಕಂಬಗಳು ಬಡಿದು ಬಡಿದೇ ಸವೆದಿವೆ.

ರಥಕ್ಕೆ ಬನ್ನಿ. ನನ್ನ ತಂಗಿ ಮಗ 50 ರೂಪಾಯಿ ನೋಟು ತೆಗೆದು ಎದುರಿಗೆ ಹಿಡಿದು ಫೋಟೋ ಹೊಡೆದುಕೊಂಡ. ಎಲ್ಲರೂ ಅದನ್ನೇ ಮಾಡುತ್ತಾರೆ, ನೀವೂ ಮಾಡಿ. ಆಮೇಲೆ ನೋಟು ಜೇಬಿಗೆ ಹಾಕಿ ಹತ್ತಿರ ಹೋಗಿ. ಈ ರಥ ಒಂದೇ ಕಲ್ಲಿನದು ಅಂತ ತುಂಬಾ ಜನ ಹೇಳುತ್ತಾರೆ. ಅಲ್ಲ. ಹಲವು ಕಲ್ಲು ಜೋಡಿಸಿ ಮಾಡಿದ್ದು, ಜೋಡಣೆಯ ಗೆರೆಯನ್ನು ಕೆತ್ತನೆಯ ಪಟ್ಟಿಗಳ ಅಂಚಿನಲ್ಲಿ ಮುಚ್ಚಿದ್ದಾರೆ. ಬ್ಲೌಸಿನಲ್ಲಿ ಜೋಡು ಬಿದ್ದ ಕಡೆ ಪೈಪಿಂಗ್ ಕೊಟ್ಟು ಮರೆಸುತ್ತೇವಲ್ಲ, ಅದೇ ಕೆಲಸ. ಗೆರೆ ಹುಡುಕಲು ನನಗೆ ಮೊದಲ ಸಲ ಅರ್ಧ ಗಂಟೆ ಹಿಡಿಯಿತು.

ಮುಂದುಗಡೆ ಎರಡು ಆನೆ ಇವೆಯಲ್ಲ, ಅವು ಆ ಜಾಗದವಲ್ಲ. ಮೊದಲು ಇದ್ದದ್ದು ಕುದುರೆ. ಆನೆಗಳ ಹಿಂದೆ ಪಕ್ಕದಿಂದ ಬಗ್ಗಿ ನೋಡಿ. ಕುದುರೆಯ ಬಾಲ, ಹಿಂಗಾಲು ಉಳಿದಿವೆ. ಹರಿದ ಕಡೆ ಬೇರೆ ಬಟ್ಟೆಯ ತೇಪೆ ಹಾಕಿದ್ದಾರೆ, ಹಳೇ ಬಟ್ಟೆಯ ಚೂರು ಅಂಚಿನಲ್ಲಿ ಇಣುಕುತ್ತಿದೆ. ಆನೆಯ ಅಳತೆ ರಥಕ್ಕೆ ಸಣ್ಣದು, ನೋಡಿದ ಕೂಡಲೇ ನನಗೆ ಅನಿಸಿತ್ತು. ಕಾರಣ ಗೊತ್ತಾದದ್ದು ಆಮೇಲೆ. ರಥದ ಮೇಲೆ ಇಟ್ಟಿಗೆಯ ಗೋಪುರವೂ ಇತ್ತು. 1856ರಲ್ಲಿ ತೆಗೆದ ಹಳೆಯ ಫೋಟೋದಲ್ಲಿ ಅದು ಇದೆ, ಈಗ ಇಲ್ಲ.

ವಾಪಸ್ ಹೋಗಲು ಎರಡು ದಾರಿ. ಗಂಟೆ ಹತ್ತರೊಳಗೆ ಇದ್ದು, ಕಾಲಲ್ಲಿ ಕಸುವಿದ್ದರೆ ಬಂದ ದಾರಿಯಲ್ಲೇ ಅಚ್ಯುತರಾಯ ಬೀದಿಯ ಬಾಯಿವರೆಗೆ ಹೋಗಿ, ಎಡಕ್ಕೆ ತಿರುಗಿ ಗುಡಿ ನೋಡಿ. ಗುಡಿಯ ಆಚೆಯಿಂದ ಗುಡ್ಡದ ಸಂದಿನಲ್ಲಿ ಕಲ್ಲು ಮೆಟ್ಟಿಲು ಏರುತ್ತವೆ, ಇಳಿದರೆ ಎದುರು ಬಸವಣ್ಣನ ಹಿಂದೆ ಬರುತ್ತೀರಿ. ಆ ಮೆಟ್ಟಿಲುಗಳ ಮೇಲೆ ನೆರಳಿಲ್ಲ. ಅಲ್ಲಿ ಒಬ್ಬರೇ ಹೋಗಬೇಡಿ, ಸಂಜೆ ಹೊತ್ತು ಕೂಡ ಬೇಡ. ಹನ್ನೊಂದು ದಾಟಿದ್ದರೆ ಹಟ ಮಾಡದೆ ಬ್ಯಾಟರಿ ಗಾಡಿ ಹತ್ತಿ ಪಾರ್ಕಿಂಗಿಗೆ ಹೋಗಿ. ಅಲ್ಲಿಂದ ಕಮಲಾಪುರಕ್ಕೆ ಆಟೋ ಸಿಗುತ್ತದೆ, ಕಮಲಾಪುರದಿಂದ ಹೊಸಪೇಟೆಗೆ ಬಸ್ಸು.